ಇಂಜೆಕ್ಷನ್ ಕೊಟ್ಟರೂ ಹಲ್ಲು ನೋಯುತ್ತಿದೆಯಾ? ರೂಟ್ ಕೆನಾಲ್‌ಗೆ ಹೋಗುವ ಮುಂಚೆ ಇದನ್ನು ಓದಿ

ಕೆಳಗಿನ ಎಡ ದವಡೆ ಹಲ್ಲು. ಮೂರು ರಾತ್ರಿ ನಿದ್ದೆ ಇಲ್ಲ. ತಲೆದಿಂಬಿನ ಪಕ್ಕ ಫ್ರಿಜ್ ನೀರಿನ ಬಾಟಲಿ ಇಟ್ಟುಕೊಂಡು, ಐದು ನಿಮಿಷಕ್ಕೊಮ್ಮೆ ಒಂದು ಗುಟುಕು ಬಾಯಿಗೆ ಹಾಕಿ ಆ ಕಡೆ ಹಿಡಿದುಕೊಂಡರೆ ಮಾತ್ರ ನೋವು ತಣಿಯುತ್ತಿತ್ತು. ನೀರು ಬೆಚ್ಚಗಾದ ಕೂಡಲೇ ಮತ್ತೆ ಶುರು. ನಾಲ್ಕನೇ ದಿನ ಹತ್ತಿರದ ಒಂದು ಕ್ಲಿನಿಕ್‌ಗೆ ಹೋದೆ. ರೂಟ್ ಕೆನಾಲ್ ಮಾಡಬೇಕು, ಅಂದರೆ ಹಲ್ಲಿನೊಳಗಿನ ಕೆಟ್ಟ ತಿರುಳು ತೆಗೆದು ತುಂಬಬೇಕು ಅಂದರು ಡಾಕ್ಟರು. ಇಂಜೆಕ್ಷನ್ ಕೊಟ್ಟರು. ತುಟಿ ದಪ್ಪ ಆದ ಹಾಗಾಯಿತು, ನಾಲಿಗೆಯ ಅರ್ಧ ಭಾಗ ಜೋಮು ಹಿಡಿಯಿತು. ಸರಿ, ಇನ್ನು ಭಯ ಇಲ್ಲ ಅಂದುಕೊಂಡೆ. ಡ್ರಿಲ್ ಹಲ್ಲಿನ ಒಳಗೆ ಇಳಿಯಿತು ನೋಡಿ, ದವಡೆಯಿಂದ ಕಿವಿಯವರೆಗೆ ಸಿಡಿಲು ಹೊಡೆದ ಹಾಗಾಯಿತು. ಕುರ್ಚಿಯ ಕೈ ಹಿಡಿದಿದ್ದ ನನ್ನ ಬೆರಳುಗಳು ಬೆಳ್ಳಗಾಗಿದ್ದವು. "ತುಟಿ ಜೋಮು ಬಂದಿದೆ ತಾನೇ? ಹಾಗಾದರೆ ನೋವಾಗಲ್ಲ, ಅದು ಬರೀ ಪ್ರೆಷರ್. ಸ್ವಲ್ಪ ಸಹಿಸ್ಕೊಳ್ಳಿ" ಎಂದರು. ನಾನು ಸಹಿಸಿಕೊಂಡೆ. ಇಪ್ಪತ್ತು ನಿಮಿಷ.

ಸಹಿಸಿಕೊಳ್ಳಬೇಕಾಗಿರಲಿಲ್ಲ. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತುಟಿ ಜೋಮು ಹಿಡಿದರೆ ತುಟಿಯ ನರ ಮಲಗಿದೆ ಎಂದಷ್ಟೇ ಅರ್ಥ. ಹಲ್ಲಿನ ಒಳಗಿನ ನರ ಇನ್ನೂ ಎಚ್ಚರವಾಗಿರಬಹುದು. ಇಂಥ ಹಲ್ಲಿಗೆ ಹಲ್ಲಿನ ಡಾಕ್ಟರುಗಳ ನಡುವೆ ಒಂದು ಹೆಸರೇ ಇದೆ, 'ಹಾಟ್ ಟೂತ್' ಅನ್ನುತ್ತಾರೆ. ಒಂದು ಇಂಜೆಕ್ಷನ್‌ಗೆ ಬಗ್ಗದ ಹಲ್ಲು. ಬಗ್ಗದಿದ್ದಾಗ ಮುಂದೆ ಏನೇನು ಮಾಡಬಹುದು ಅನ್ನುವುದನ್ನೂ ಅವರು ಕಾಲೇಜಿನಲ್ಲೇ ಕಲಿತಿರುತ್ತಾರೆ. ನೀವು ಡಾಕ್ಟರಿಗೆ ಪಾಠ ಹೇಳಬೇಕಿಲ್ಲ. ಏನು ಕೇಳಬಹುದು, ಯಾವಾಗ ಕೇಳಬೇಕು ಅಂತ ಗೊತ್ತಿದ್ದರೆ ಸಾಕು. ನಾನು ಡಾಕ್ಟರಲ್ಲ, ಹಾಗಾಗಿ ಕೆಳಗೆ ಮಾತ್ರೆಗಳ ವಿಷಯ ಬಂದ ಕಡೆ ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿಯೇ ತಗೊಳ್ಳಿ.

ಮೊದಲು ನಿಮ್ಮ ಹಲ್ಲು ಯಾವ ಹಂತದಲ್ಲಿದೆ ನೋಡಿಕೊಳ್ಳಿ

'ಹಲ್ಲು ಹುಳುಕಾಗಿ ಕೀವಾಗಿದೆ' ಅಂತ ನಾವು ಎಲ್ಲಕ್ಕೂ ಒಂದೇ ಮಾತು ಹೇಳಿಬಿಡುತ್ತೇವೆ. ಒಳಗೆ ಎರಡು ಬೇರೆ ಬೇರೆ ಸ್ಥಿತಿ ಇರಬಹುದು. ಜೋಮು ಹಿಡಿಸುವ ವಿಷಯಕ್ಕೆ ಬಂದರೆ ಇವೆರಡಕ್ಕೂ ತುಂಬಾ ವ್ಯತ್ಯಾಸ.

ಒಂದು, ನರ ಇನ್ನೂ ಜೀವಂತವಾಗಿದೆ, ಆದರೆ ಊದಿಕೊಂಡು ಉರಿಯುತ್ತಿದೆ. ಹಲ್ಲಿನ ನಡುವೆ ಮೆತ್ತನೆಯ ತಿರುಳೊಂದಿದೆ. ನರ, ರಕ್ತನಾಳ ಎಲ್ಲ ಅದರಲ್ಲೇ ಇರುವುದು. ಕೈ ಊದಿದರೆ ಚರ್ಮ ಹಿಗ್ಗುತ್ತದೆ, ಹಲ್ಲಿನ ಗೋಡೆ ಹಿಗ್ಗುವುದಿಲ್ಲ. ಊತಕ್ಕೆ ಜಾಗ ಇಲ್ಲದೆ ಒಳಗೆ ಒತ್ತಡ ಏರುತ್ತದೆ. ಬಿಸಿ ಕಾಫಿ ತಾಗಿದರೆ ಜೀವ ಹೋದ ಹಾಗಾಗುತ್ತದೆ, ಕಾಫಿ ಗಂಟಲು ಇಳಿದು ಹತ್ತು ನಿಮಿಷ ಆದರೂ ನೋವು ನಿಲ್ಲುವುದಿಲ್ಲ. ಮಲಗಿದರೆ ಜಾಸ್ತಿ, ಎದ್ದು ಕೂತರೆ ಕಡಿಮೆ. ಕೆಲವರಿಗೆ ನನ್ನ ಹಾಗೆ ತಣ್ಣೀರು ಹಿಡಿದುಕೊಂಡರೆ ಮಾತ್ರ ಸಮಾಧಾನ. ಯಾವ ಹಲ್ಲು ಅಂತಲೂ ಸರಿಯಾಗಿ ಗೊತ್ತಾಗುವುದಿಲ್ಲ, ಕೆಳಗಿನದು ನೋಯುತ್ತಿದ್ದರೆ ಮೇಲಿನದು ಅನಿಸಬಹುದು. ಇಂಜೆಕ್ಷನ್‌ಗೆ ಬಗ್ಗದ ಹಲ್ಲು ಇದೇ. ಅದರಲ್ಲೂ ಕೆಳಗಿನ ದವಡೆ ಹಲ್ಲಾದರೆ ಮೊದಲೇ ತಯಾರಾಗಿ ಹೋಗಿ.

ಎರಡು, ನರ ಸತ್ತು ಕೊಳೆತು, ಸೋಂಕು ಬೇರಿನ ತುದಿಯಿಂದ ಮೂಳೆಗೆ ಇಳಿದಿದೆ. ಬಿಸಿ, ತಣ್ಣಗೆ ಏನೂ ತಾಗುವುದಿಲ್ಲ. ಕಚ್ಚಿದರೆ ನೋವು. ಆ ಹಲ್ಲು ಮಿಕ್ಕವಕ್ಕಿಂತ ಉದ್ದವಾಗಿದೆ ಅನಿಸುತ್ತದೆ. ಒಸಡಿನ ಮೇಲೆ ಸಣ್ಣ ಗುಳ್ಳೆ ಎದ್ದು, ಒಡೆದು, ಬಾಯೆಲ್ಲ ಕೆಟ್ಟ ರುಚಿ ಆಗಬಹುದು. ಇಂಥ ಹಲ್ಲಿನಲ್ಲಿ ಡ್ರಿಲ್ ಓಡುವಾಗ ಸಾಮಾನ್ಯವಾಗಿ ಅಷ್ಟು ನೋವಿರುವುದಿಲ್ಲ, ನೋಯಲು ನರವೇ ಇಲ್ಲ. ಆದರೆ ಸುತ್ತಲಿನ ಮೂಳೆ, ಒಸಡು ಬಾತಿರುತ್ತದೆ, ಮುಟ್ಟಿದರೇ ನೋವು. ಹಲ್ಲಿಗೆ ತೂತು ಬಿದ್ದು ಕೀವು ಹೊರಗೆ ಬರಲು ದಾರಿ ಆದ ಕೂಡಲೇ ಅನೇಕರಿಗೆ ಅಲ್ಲೇ ಕುರ್ಚಿಯಲ್ಲೇ ನೋವು ಇಳಿಯುತ್ತದೆ.

ಇವೆರಡೂ ಒಂದೇ ಹಲ್ಲಿನಲ್ಲಿ ಇರುವುದೂ ಉಂಟು. ದವಡೆ ಹಲ್ಲಿಗೆ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ನಾಳ, ಅಂದರೆ ಬೇರಿನೊಳಗೆ ತಿರುಳು ಇಳಿಯುವ ಸಣ್ಣ ಕೊಳವೆ ಇರುತ್ತವೆ. ಎರಡರಲ್ಲಿ ನರ ಸತ್ತು, ಮೂರನೆಯದರಲ್ಲಿ ಚೂರು ಜೀವ ಉಳಿದಿದ್ದರೆ, ಎಲ್ಲ ಸುಲಭವಾಗಿ ಹೋಗುತ್ತಿದೆ ಅನ್ನುವಾಗ ನಾಳ ಕೆರೆಯುವ ಸೂಜಿಯಂಥ ಫೈಲ್ ಆ ಮೂರನೆಯದಕ್ಕೆ ಇಳಿದ ಕೂಡಲೇ ಚುಳುಕ್ ಅನ್ನುತ್ತದೆ. 'ನರ ಸತ್ತಿದೆ, ಇಂಜೆಕ್ಷನ್ ಬೇಡ' ಅಂದರೆ ಅದಕ್ಕೇ ನಾನು ಒಪ್ಪುವುದಿಲ್ಲ, ಒಂದು ಕೊಟ್ಟೇ ಶುರು ಮಾಡಿ ಅನ್ನುತ್ತೇನೆ.

ಇನ್ನೊಂದು ಮಾತು. ವಾರವಿಡೀ ಕಾಡಿದ ನೋವು ಒಂದು ದಿನ ತಾನಾಗಿಯೇ ನಿಂತರೆ ವಾಸಿಯಾಯಿತು ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ನರ ಸತ್ತಿದೆ ಅಂತ ಅರ್ಥ. ಸೋಂಕು ಕೆಳಗೆ ಇಳಿಯುತ್ತಲೇ ಇರುತ್ತದೆ.

ಇಂಜೆಕ್ಷನ್ ಯಾಕೆ ಹಿಡಿಯುವುದಿಲ್ಲ

ನಮ್ಮ ಕಡೆ ಹೆಚ್ಚಾಗಿ ಕೊಡುವುದು 2% ಲಿಗ್ನೋಕೇನ್ ಎಂಬ ಜೋಮು ಹಿಡಿಸುವ ಔಷಧ, ಅದು ಬೇಗ ರಕ್ತದಲ್ಲಿ ಹರಿದುಹೋಗದಂತೆ ಜೊತೆಗೆ ತುಸು ಅಡ್ರಿನಲಿನ್. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಮೊದಲು ತಯಾರಿಸಿದ ಔಷಧ ಇದು, ಇವತ್ತಿಗೂ ಹಲ್ಲಿನ ಕುರ್ಚಿಯ ಪಕ್ಕದ ಟ್ರೇನಲ್ಲಿ ಇದೇ ಇರುತ್ತದೆ. ನರದ ಪೊರೆಯಲ್ಲಿ ಸೋಡಿಯಂ ಒಳಗೆ ನುಗ್ಗುವ ಸಣ್ಣ ಬಾಗಿಲುಗಳಿವೆ. ಸೋಡಿಯಂ ನುಗ್ಗಿದರೆ ನೋವಿನ ಸುದ್ದಿ ಮೆದುಳಿಗೆ ಹೋಗುತ್ತದೆ. ಲಿಗ್ನೋಕೇನ್ ಆ ಬಾಗಿಲುಗಳನ್ನು ಒಳಗಿನಿಂದ ಮುಚ್ಚುತ್ತದೆ.

ಒಳಗಿನಿಂದ ಅಂದೆನಲ್ಲ, ತೊಂದರೆ ಇರುವುದು ಅಲ್ಲೇ. ಔಷಧ ಮೊದಲು ನರದ ಪೊರೆ ದಾಟಬೇಕು. ದಾಟಬೇಕಾದರೆ ಅದು ಚಾರ್ಜ್ ಇಲ್ಲದ ರೂಪದಲ್ಲಿರಬೇಕು. ಮೈಯ ಪಿಎಚ್ (ಆಮ್ಲದ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಜಾಸ್ತಿ) 7.4 ಇರುವಾಗ ಲಿಗ್ನೋಕೇನ್‌ನ ಸುಮಾರು ಕಾಲು ಭಾಗ ಆ ರೂಪದಲ್ಲಿರುತ್ತದೆ. ಕೀವು ತುಂಬಿದ ಜಾಗ ಆಮ್ಲೀಯವಾಗಿರುತ್ತದೆ. ಪಿಎಚ್ 6.4ಕ್ಕೆ ಇಳಿಯಿತು ಅನ್ನಿ, ಆಗ 100ರಲ್ಲಿ ಹೆಚ್ಚುಕಡಿಮೆ 3 ಭಾಗ ಮಾತ್ರ ದಾಟುವ ಸ್ಥಿತಿಯಲ್ಲಿ ಉಳಿಯುತ್ತದೆ. ಕೊಟ್ಟ ಔಷಧ ಅಷ್ಟೇ, ಒಳಗೆ ಹೋಗುವುದು ಅದರ ಚೂರು. ಮೇಲಾಗಿ ಊದಿದ ಜಾಗದಲ್ಲಿ ರಕ್ತದ ಓಡಾಟ ಜಾಸ್ತಿ, ಅದು ಔಷಧವನ್ನು ಬೇಗ ತೊಳೆದುಕೊಂಡು ಹೋಗುತ್ತದೆ.

ಆದರೆ ಆಮ್ಲದ ಕತೆ ಒಂದೇ ಸಾಲದು. ಕೆಳಗಿನ ದವಡೆ ಹಲ್ಲಿಗೆ ಸೂಜಿ ಚುಚ್ಚುವುದು ಬಾಯಿಯ ಹಿಂದೆ, ದವಡೆಯ ನರ ಮೂಳೆಯೊಳಗೆ ಹೋಗುವ ಜಾಗದಲ್ಲಿ. ಕೀವಿರುವ ಹಲ್ಲಿಗೂ ಆ ಜಾಗಕ್ಕೂ ಸಾಕಷ್ಟು ದೂರ, ಅಲ್ಲಿ ಆಮ್ಲ ಇರುವುದಿಲ್ಲ. ಹಾಗಿದ್ದರೂ ಹಿಡಿಯುವುದಿಲ್ಲ, ಯಾಕೆ? ದಿನಗಟ್ಟಲೆ ಉರಿದ ನರವೇ ಬದಲಾಗಿರುತ್ತದೆ. ಲಿಗ್ನೋಕೇನ್‌ಗೆ ಅಷ್ಟು ಸುಲಭವಾಗಿ ಮುಚ್ಚದ ಬೇರೆ ಬಗೆಯ ಸೋಡಿಯಂ ಬಾಗಿಲುಗಳು ಅದರಲ್ಲಿ ಹೆಚ್ಚಾಗಿರುತ್ತವೆ. ಊತದ ಜೊತೆ ಬರುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ನರವನ್ನು ಇನ್ನಷ್ಟು ಕೆರಳಿಸಿಟ್ಟಿರುತ್ತದೆ. ಮೊದಲು ಸುಮ್ನೆ ಇರುತ್ತಿದ್ದ ನರ ಈಗ ಸಣ್ಣಗೆ ಏನು ತಾಗಿದರೂ ಕೂಗುತ್ತದೆ. ಮೂರು ದಿನ ನಿದ್ದೆ ಇಲ್ಲದ ಮೆದುಳು ಆ ಕೂಗನ್ನು ದೊಡ್ಡದು ಮಾಡಿ ಕೇಳಿಸಿಕೊಳ್ಳುತ್ತದೆ. ಭಯವೂ ಸೇರಿಕೊಂಡರೆ ಕೇಳುವುದೇ ಬೇಡ.

ಮೇಲಿನ ಹಲ್ಲುಗಳಲ್ಲಿ ಇಷ್ಟು ತಾಪತ್ರಯ ಇಲ್ಲ. ಮೇಲ್ದವಡೆಯ ಮೂಳೆ ತೆಳು, ರಂಧ್ರ ರಂಧ್ರ. ಹಲ್ಲಿನ ಪಕ್ಕದಲ್ಲೇ ಕೊಟ್ಟರೆ ಔಷಧ ಇಂಗಿಹೋಗುತ್ತದೆ. ಕೆಳದವಡೆಯ ಹಿಂಭಾಗದ ಮೂಳೆ ದಪ್ಪ, ಗಟ್ಟಿ, ಹಾಗಾಗಿ ದೂರದಿಂದಲೇ ನರ ಹಿಡಿಯಬೇಕು. ಆ ನರ ಎಲ್ಲರಲ್ಲೂ ಒಂದೇ ಜಾಗದಲ್ಲಿ ಇರುವುದಿಲ್ಲ, ಕೆಲವರಿಗೆ ಪಕ್ಕದಿಂದ ಇನ್ನೊಂದು ಎಳೆಯೂ ಹಲ್ಲಿಗೆ ಬಂದಿರುತ್ತದೆ. ನಿಮ್ಮ ಹಲ್ಲು ಜೋಮು ಹಿಡಿಯಲಿಲ್ಲ ಅಂದರೆ ಅದು ನಿಮ್ಮ ಹೆದರಿಕೆಯೂ ಅಲ್ಲ, ನಾಟಕವೂ ಅಲ್ಲ. ಎಷ್ಟೋ ಸಲ ಡಾಕ್ಟರ ಕೈ ತಪ್ಪೂ ಅಲ್ಲ.

ಹೋಗುವ ಮುಂಚೆ

ಐಬುಪ್ರೊಫೆನ್ ಬಗ್ಗೆ ಕೇಳಿ. ದೊಡ್ಡವರು ಚಿಕಿತ್ಸೆಗೆ ಒಂದು ಗಂಟೆ ಮುಂಚೆ, ಊಟ ಮಾಡಿ, 400 ಮಿಲಿಗ್ರಾಂ ತಗೊಂಡರೆ ಉರಿಯುತ್ತಿರುವ ಹಲ್ಲಿಗೆ ಇಂಜೆಕ್ಷನ್ ಹಿಡಿಯುವ ಸಾಧ್ಯತೆ ಹೆಚ್ಚುತ್ತದೆ. ಮೇಲೆ ಹೇಳಿದ ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನೇ ಅದು ತಡೆಯುತ್ತದೆ. ಪವಾಡ ಏನಿಲ್ಲ, ಆದರೆ ಒಂದು ಮಾತ್ರೆಗೆ ಸಿಗುವ ಲಾಭ ಯಾಕೆ ಬಿಡಬೇಕು? ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ನೋವಿನ ಮಾತ್ರೆಗೆ ಕೆರಳುವ ಅಸ್ತಮಾ, ಹೃದಯದ ಕಾಯಿಲೆ, ರಕ್ತ ತೆಳು ಮಾಡುವ ಮಾತ್ರೆ, ಬಸಿರು, ಇವುಗಳಲ್ಲಿ ಒಂದಿದ್ದರೂ ನೀವಾಗಿಯೇ ನುಂಗಬೇಡಿ. ಮಳೆಗಾಲದಲ್ಲಿ ಜ್ವರ ಬಂದು ಡೆಂಗ್ಯೂ ಇರಬಹುದು ಅನ್ನುವ ಅನುಮಾನ ಇದ್ದರಂತೂ ಐಬುಪ್ರೊಫೆನ್ ಮುಟ್ಟಲೇಬೇಡಿ, ರಕ್ತಸ್ರಾವದ ಅಪಾಯ ಇದೆ. ಅಂಥವರಿಗೆ ಪ್ಯಾರಸಿಟಮಾಲ್.

ಆಂಟಿಬಯೋಟಿಕ್ ಬಗ್ಗೆ ನಮ್ಮಲ್ಲಿ ದೊಡ್ಡ ತಪ್ಪು ತಿಳಿವಳಿಕೆ ಇದೆ. ಮೆಡಿಕಲ್ ಸ್ಟೋರಿಗೆ ಹೋಗಿ 'ಹಲ್ಲುನೋವಿಗೆ ಏನಾದ್ರೂ ಕೊಡಿ' ಅಂದರೆ ಒಂದು ಆಂಟಿಬಯೋಟಿಕ್, ಒಂದು ನೋವಿನ ಮಾತ್ರೆ ಕೈಗೆ ಬರುತ್ತದೆ. ಜೀವಂತ ನರ ಉರಿಯುತ್ತಿರುವ ಹಲ್ಲಿಗೆ ಆಂಟಿಬಯೋಟಿಕ್‌ನಿಂದ ನೋವು ಕಡಿಮೆಯಾಗುವುದಿಲ್ಲ. ಅಮೆರಿಕದ ದಂತವೈದ್ಯರ ಸಂಘ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇಂಥ ಹಲ್ಲಿಗೆ ಚಿಕಿತ್ಸೆ ಸಿಗುವಂತಿದ್ದರೆ ಆಂಟಿಬಯೋಟಿಕ್ ಬೇಡ ಅನ್ನುತ್ತದೆ. ನರ ಸತ್ತ ಹಲ್ಲಿನಲ್ಲಿ ಇನ್ನೊಂದು ಕಷ್ಟ. ಮಾತ್ರೆ ಕೆಲಸ ಮಾಡುವುದು ರಕ್ತದ ಮೂಲಕ, ಸತ್ತ ತಿರುಳಿಗೆ ರಕ್ತವೇ ಹೋಗುವುದಿಲ್ಲ. ಸೋಂಕಿನ ಬೇರು ಅಲ್ಲೇ ಉಳಿಯುತ್ತದೆ. ಜ್ವರ ಇದ್ದರೆ, ಮುಖ ಊದುತ್ತಿದ್ದರೆ, ಸೋಂಕು ಹರಡುತ್ತಿದ್ದರೆ ಆಂಟಿಬಯೋಟಿಕ್ ಬೇಕೇ ಬೇಕು, ಅದನ್ನು ಡಾಕ್ಟರು ಬರೆದುಕೊಡುತ್ತಾರೆ. ಆಗಲೂ ಹಲ್ಲು ತೆರೆದು ಕೀವು ತೆಗೆಯುವುದೇ ಮುಖ್ಯ ಕೆಲಸ. ಐದು ದಿನ ಮಾತ್ರೆ ನುಂಗಿ ನೋವು ಇಳಿಯಿತು ಅಂತ ಡಾಕ್ಟರ ಹತ್ತಿರ ಹೋಗದೆ ಇರುವವರನ್ನು ನೋಡಿದರೆ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ. ಎರಡು ತಿಂಗಳ ನಂತರ ಅದೇ ಹಲ್ಲು ಇನ್ನೂ ಕೆಟ್ಟ ಸ್ಥಿತಿಯಲ್ಲಿ ವಾಪಸ್ ಬರುತ್ತದೆ.

ಲವಂಗದ ಎಣ್ಣೆ ಒಂದು ರಾತ್ರಿ ಕಳೆಯಲು ಸಹಾಯ ಮಾಡುತ್ತದೆ. ಅದರಲ್ಲಿರುವ ಯೂಜೆನಾಲ್‌ಗೆ ನಿಜವಾಗಿಯೂ ತುಸು ಜೋಮು ಹಿಡಿಸುವ ಗುಣ ಇದೆ. ಸ್ವಲ್ಪ ಹತ್ತಿಗೆ ಒಂದು ಹನಿ, ತೂತಿನೊಳಗೆ ಮಾತ್ರ, ಒಸಡಿಗೆ ಸುರಿದರೆ ಸುಡುತ್ತದೆ. ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಪಕ್ಕ ಇಟ್ಟುಕೊಳ್ಳಬೇಡಿ, ಒಸಡು ಬೆಳ್ಳಗೆ ಸುಟ್ಟುಹೋಗುತ್ತದೆ. ಹೊಗೆಸೊಪ್ಪು, ಪೆಟ್ರೋಲು ಇಂಥವನ್ನು ಯಾರು ಹೇಳಿದರೂ ಕೇಳಬೇಡಿ. ಹಲ್ಲಿನ 'ಹುಳ ತೆಗೆಯುತ್ತೇವೆ' ಅನ್ನುವವರ ಹತ್ತಿರವೂ ಹೋಗಬೇಡಿ. ಹಲ್ಲಿನೊಳಗೆ ಹುಳ ಇರುವುದಿಲ್ಲ, ಇರುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ.

ಹೊಟ್ಟೆ ತುಂಬಾ ತಿಂಡಿ ತಿಂದು ಹೋಗಿ. ಖಾಲಿ ಹೊಟ್ಟೆ, ನಿದ್ದೆ ಇಲ್ಲ, ಮೇಲೆ ಭಯ, ಇವು ಮೂರೂ ಸೇರಿದರೆ ಸೂಜಿ ನೋಡಿದ ಕೂಡಲೇ ತಲೆ ಸುತ್ತುತ್ತದೆ. ಸಾಧ್ಯವಾದರೆ ಬೆಳಗಿನ ಅಪಾಯಿಂಟ್‌ಮೆಂಟ್ ತಗೊಳ್ಳಿ. ಸಂಜೆ ಎಂಟರ ಹೊತ್ತಿಗೆ ನಿಮಗೂ ಸುಸ್ತು, ಡಾಕ್ಟರಿಗೂ ಸುಸ್ತು, ಹೊರಗೆ ಇನ್ನೂ ನಾಲ್ಕು ಜನ ಕಾಯುತ್ತಿರುತ್ತಾರೆ.

ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬಿಪಿ, ಶುಗರ್, ಥೈರಾಯ್ಡ್, ಹೃದಯದ ತೊಂದರೆ, ದಿನಾ ತಗೊಳ್ಳುವ ಮಾತ್ರೆಗಳು, ಯಾವುದಾದರೂ ಔಷಧ ಒಗ್ಗದಿದ್ದರೆ ಅದು. ರಕ್ತ ತೆಳು ಮಾಡುವ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ ಈ ಒಂದು ಸಾಲು: 'ಹೋದ ಸಲ ಇಂಜೆಕ್ಷನ್ ಸರಿಯಾಗಿ ಹಿಡಿದಿರಲಿಲ್ಲ, ನೋವಾಗಿತ್ತು.' ಇದನ್ನು ಕುರ್ಚಿಯಲ್ಲಿ ಕೂರುವ ಮುಂಚೆ ಹೇಳಿ. ಒಳ್ಳೆಯ ಡಾಕ್ಟರು ಇದನ್ನು ಕೇಳಿದ ಕೂಡಲೇ ತಮ್ಮ ಲೆಕ್ಕವನ್ನೇ ಬದಲಾಯಿಸುತ್ತಾರೆ.

ಕುರ್ಚಿಯಲ್ಲಿ ಕೂತ ಮೇಲೆ

ಮೊದಲ ಕ್ಲಿನಿಕ್ ಬಿಟ್ಟು ನಾನು ಇನ್ನೊಬ್ಬ ಡಾಕ್ಟರ ಹತ್ತಿರ ಹೋದೆ. ಅದೇ ಹಲ್ಲು, ಅರ್ಧ ಉಳಿದ ಕೆಲಸ. ಅವರು ಏನೇನು ಮಾಡಿದರು ಅನ್ನುವುದನ್ನೇ ಹೇಳುತ್ತೇನೆ, ಯಾಕೆಂದರೆ ನೀವು ಕೇಳಬೇಕಾದ್ದೂ ಅದನ್ನೇ.

ಒಸಡನ್ನು ಒರೆಸಿ ಒಣಗಿಸಿ ಜೋಮು ಹಿಡಿಸುವ ಜೆಲ್ ಹಚ್ಚಿ ಎರಡು ನಿಮಿಷ ಬಿಟ್ಟರು. ಸೂಜಿ ಒಳಗೆ ಹೋದದ್ದು ಅಷ್ಟಾಗಿ ಗೊತ್ತಾಗಲಿಲ್ಲ. ಔಷಧವನ್ನು ತುಂಬಾ ನಿಧಾನವಾಗಿ ಬಿಟ್ಟರು, ಒಂದು ನಿಮಿಷಕ್ಕೂ ಜಾಸ್ತಿ. ಇಂಜೆಕ್ಷನ್ನಿನ ನೋವು ಬರುವುದು ಚುಚ್ಚುವುದಕ್ಕಿಂತ ಹೆಚ್ಚಾಗಿ ಔಷಧವನ್ನು ರಭಸವಾಗಿ ತಳ್ಳುವುದರಿಂದ. 'ಸ್ವಲ್ಪ ನಿಧಾನ ಕೊಡಿ ಡಾಕ್ಟ್ರೇ' ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ಆಮೇಲೆ ಕಾದರು. ಗಡಿಯಾರ ನೋಡಿ ಹದಿನೈದು ನಿಮಿಷ. ತುಟಿ ಐದಾರು ನಿಮಿಷಕ್ಕೇ ಜೋಮು ಹಿಡಿದಿತ್ತು. ಆದರೆ ಕೆಳಗಿನ ದವಡೆ ಹಲ್ಲಿನ ಒಳನರ ಮಲಗಲು ಹತ್ತು ಹದಿನೈದು ನಿಮಿಷ ಬೇಕಾಗುತ್ತದೆ. ಮೊದಲ ಕ್ಲಿನಿಕ್‌ನಲ್ಲಿ ತುಟಿ ದಪ್ಪ ಆದ ಕೂಡಲೇ ಡ್ರಿಲ್ ಎತ್ತಿದ್ದರು. ಈ ಒಂದು ಕಾಯುವಿಕೆಯೇ ಎಷ್ಟೋ ಜನರ ನೋವು ಉಳಿಸುತ್ತದೆ, ಖರ್ಚೂ ಇಲ್ಲ.

ಮುಂದಿನದು ನನಗೆ ಹೊಸದು. ಒಂದು ಚೂರು ಹತ್ತಿ ಉಂಡೆಗೆ ತಣ್ಣನೆಯ ಸ್ಪ್ರೇ ಹೊಡೆದರು. ಹತ್ತಿಯ ಮೇಲೆ ಬೆಳ್ಳಗೆ ಮಂಜು ಕೂತಿತು. ಅದನ್ನು ಚಿಮಟದಲ್ಲಿ ಹಿಡಿದು ಮೊದಲು ಬಲಗಡೆಯ ಒಳ್ಳೆಯ ಹಲ್ಲಿಗೆ ಮುಟ್ಟಿಸಿದರು. ಜುಮ್ ಅಂದಿತು. 'ಹೀಗೆ ಆಗುತ್ತಾ ನೋಡಿ' ಅಂತ ಹೇಳಿ ಎಡಗಡೆಯ ಕೆಟ್ಟ ಹಲ್ಲಿಗೆ ಇಟ್ಟರು. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಒಳಗೆಲ್ಲೋ ಆಳದಲ್ಲಿ ಸಣ್ಣಗೆ ಚುಳುಕು ಬಂತು. ಕೈ ಎತ್ತಿದೆ. 'ಒಂದು ನಾಳದಲ್ಲಿ ಇನ್ನೂ ಜೀವ ಇದೆ, ಎಚ್ಚರವಾಗೇ ಇದೆ' ಎಂದರು. ಡ್ರಿಲ್ ಮುಟ್ಟಲೇ ಇಲ್ಲ. ತುಟಿ ಪೂರ್ತಿ ಮರಗಟ್ಟಿತ್ತು ಅನ್ನುವುದನ್ನು ಮತ್ತೆ ಹೇಳುತ್ತೇನೆ. ಹಾಗಾಗಿ ನೀವು ಕೇಳಬೇಕಾದ ಮಾತು ಇದು: 'ಶುರು ಮಾಡುವ ಮುಂಚೆ ತಣ್ಣಗೆ ಇಟ್ಟು ಒಂದು ಸಲ ಟೆಸ್ಟ್ ಮಾಡ್ತೀರಾ?' ನರ ಪೂರ್ತಿ ಸತ್ತ ಹಲ್ಲಿಗೆ ಈ ಟೆಸ್ಟ್ ಉಪಯೋಗಕ್ಕೆ ಬರುವುದಿಲ್ಲ. ಜೀವಂತ ಹಲ್ಲಿನಲ್ಲೂ ತಣ್ಣಗೆ ತಾಗಲಿಲ್ಲ ಅಂದ ಮಾತ್ರಕ್ಕೆ ನೂರಕ್ಕೆ ನೂರು ಖಾತ್ರಿ ಇಲ್ಲ. ಆದರೆ ತಾಗಿತು ಅಂದರೆ ಇನ್ನೂ ಔಷಧ ಬೇಕು ಅನ್ನುವುದು ಖಾತ್ರಿ.

ಸನ್ನೆ ಮೊದಲೇ ಮಾತಾಡಿಕೊಳ್ಳಿ. ಬಾಯಿಗೆ ರಬ್ಬರ್ ಹಾಳೆ ಹಾಕಿದ ಮೇಲೆ ಮಾತು ಹೊರಡುವುದಿಲ್ಲ. ಎಡಗೈ ಎತ್ತಿದರೆ ಕೂಡಲೇ ನಿಲ್ಲಿಸಬೇಕು, ಇಷ್ಟೇ ಒಪ್ಪಂದ. ತಲೆ ಆಡಿಸಬೇಡಿ, ಡಾಕ್ಟರ ಕೈ ಹಿಡಿಯಬೇಡಿ, ಒಳಗೆ ಚೂಪಾದ ಉಪಕರಣ ಇರುತ್ತದೆ.

ಏನು ಅನಿಸುತ್ತಿದೆ ಅಂತ ಸರಿಯಾದ ಪದದಲ್ಲಿ ಹೇಳಿ. ಒತ್ತಿದ ಹಾಗೆ, ನಡುಗಿದ ಹಾಗೆ, ಎಳೆದ ಹಾಗೆ ಆಗುವುದು ಸಹಜ. ಚುಚ್ಚಿದ ಹಾಗೆ, ಚುಳುಕ್ ಅಂದ ಹಾಗೆ, ಮಿಂಚು ಹೊಡೆದ ಹಾಗೆ ಆದರೆ ನರ ಮಲಗಿಲ್ಲ. 'ಡಾಕ್ಟ್ರೇ, ಒತ್ತಿದ ಹಾಗಲ್ಲ, ಚುಳುಕ್ ಅಂತಿದೆ' ಅಂದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ. ಬರೀ 'ಹಾ... ಊಂ...' ಅಂದರೆ ಭಯಕ್ಕೆ ಕೂಗುತ್ತಿದ್ದಾರೆ ಅಂದುಕೊಳ್ಳುವುದೇ ಜಾಸ್ತಿ.

ಈಗ ಮುಂದಿನ ದಾರಿಗಳು. ಒಂದಲ್ಲ ನಾಲ್ಕೈದು ಇವೆ. ಸೂಜಿ ಗುರಿ ತಪ್ಪಿದ್ದರೆ, ಅಂದರೆ ತುಟಿಯೇ ಜೋಮು ಹಿಡಿದಿಲ್ಲದಿದ್ದರೆ, ಬಾಯಿಯ ಹಿಂದೆ ಕೊಟ್ಟ ಅದೇ ಇಂಜೆಕ್ಷನ್ (ಇದಕ್ಕೆ 'ಬ್ಲಾಕ್' ಅನ್ನುತ್ತಾರೆ) ಇನ್ನೊಮ್ಮೆ ಕೊಡುತ್ತಾರೆ, ಅಥವಾ ಇನ್ನೂ ಮೇಲಿನ ಜಾಗದಲ್ಲಿ ಕೊಡುತ್ತಾರೆ. ತುಟಿ ಜೋಮು ಬಂದೂ ಹಲ್ಲು ನೋಯುತ್ತಿದ್ದರೆ ಅದನ್ನೇ ಮತ್ತೆ ಕೊಡುವುದರಿಂದ ಹೆಚ್ಚು ಲಾಭ ಇಲ್ಲ, ಹಲ್ಲಿನ ಹತ್ತಿರವೇ ಕೊಡಬೇಕು. ಕೆನ್ನೆಯ ಕಡೆಯಿಂದ 4% ಆರ್ಟಿಕೇನ್ ಎಂಬ ಇನ್ನೊಂದು ಜೋಮಿನ ಔಷಧ ಕೊಡುವುದು ಒಂದು ದಾರಿ. ಕೆಳದವಡೆಯ ಹಲ್ಲಿನ ಪಕ್ಕದಲ್ಲಿ ಕೊಟ್ಟಾಗ ಇದು ಲಿಗ್ನೋಕೇನ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ನನಗೆ ಕೊಟ್ಟದ್ದು ಇದೇ. ಐದು ನಿಮಿಷ ಬಿಟ್ಟು ಮತ್ತೆ ಮಂಜು ಕೂತ ಹತ್ತಿ ಇಟ್ಟರು, ಈ ಸಲ ಏನೂ ಇಲ್ಲ.

ಇನ್ನೊಂದು, ಹಲ್ಲು ಮತ್ತು ಮೂಳೆಯ ನಡುವಿನ ಸಂದಿಗೆ ತೆಳುವಾದ ಸೂಜಿಯಿಂದ ಬಿಗಿಯಾಗಿ ತಳ್ಳುವುದು. ಕೂಡಲೇ ಹಿಡಿಯುತ್ತದೆ, ಆದರೆ ಹೆಚ್ಚು ಹೊತ್ತು ಇರುವುದಿಲ್ಲ, ಆಮೇಲೆ ಒಂದೆರಡು ದಿನ ಆ ಹಲ್ಲು ಕಚ್ಚಿದರೆ ನೋವು. ಮೂಳೆಯೊಳಗೇ ಔಷಧ ಬಿಡುವ ಸಲಕರಣೆ ಕೆಲವೇ ಕಡೆ ಇದೆ. ಅದರಲ್ಲಿ ಎದೆ ಡಬಡಬ ಅನ್ನಬಹುದು, ಮೊದಲೇ ಹೇಳಿರಿ ಅಂತ ಕೇಳಿಕೊಳ್ಳಿ.

ಕೊನೆಯದು ತಿರುಳಿಗೇ ಕೊಡುವ ಇಂಜೆಕ್ಷನ್. ಹಲ್ಲಿಗೆ ಸಣ್ಣ ತೂತು ಬಿದ್ದು ತಿರುಳು ಕಂಡ ಮೇಲೆ, ಆ ತೂತಿಗೆ ಸೂಜಿ ಬಿಗಿಯಾಗಿ ಕೂರಿಸಿ ಒತ್ತಡದಿಂದ ತಳ್ಳುತ್ತಾರೆ. ಇದು ನೋಯುತ್ತದೆ, ಸುಳ್ಳು ಹೇಳುವುದಿಲ್ಲ. ಕೆಲವು ಸೆಕೆಂಡು ಜೋರಾಗಿಯೇ ನೋಯುತ್ತದೆ, ಆಮೇಲೆ ಸ್ವಿಚ್ ಆಫ್ ಮಾಡಿದ ಹಾಗೆ ಎಲ್ಲ ನಿಲ್ಲುತ್ತದೆ. 'ಈಗ ಐದು ಸೆಕೆಂಡ್ ನೋಯುತ್ತೆ, ಆಮೇಲೆ ಇರಲ್ಲ' ಅಂತ ಹೇಳಿ ಕೊಟ್ಟರೆ ಆ ಐದು ಸೆಕೆಂಡ್ ಕಳೆಯಬಹುದು. ಹೇಳದೆ ಕೊಟ್ಟರೆ ಜನ ಜೀವಮಾನವಿಡೀ ಹಲ್ಲಿನ ಕ್ಲಿನಿಕ್ ಕಡೆ ತಲೆ ಹಾಕುವುದಿಲ್ಲ. ಮೊದಲ ಅಸ್ತ್ರವಾಗಿ ಇದನ್ನು ಬಳಸುವುದು ನನಗೆ ಸರಿ ಅನಿಸುವುದಿಲ್ಲ, ಮಿಕ್ಕವೆಲ್ಲ ಸೋತ ಮೇಲೆ ಇರಲಿ.

ಮತ್ತೆ ಮತ್ತೆ ಇಂಜೆಕ್ಷನ್ ಕೊಟ್ಟರೆ ಅಪಾಯ ಇಲ್ವಾ?

ಈ ಭಯದಿಂದಲೇ ಎಷ್ಟೋ ಜನ ಇನ್ನೊಂದು ಕೇಳುವುದಿಲ್ಲ. ಲೆಕ್ಕ ಹಾಕಿ ನೋಡೋಣ. 2% ಅಂದರೆ ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ. ಇಂಜೆಕ್ಷನ್ ಔಷಧ ಬರುವ 1.8 ಮಿಲಿಯ ಒಂದು ಸಣ್ಣ ಕೊಳವೆಯಲ್ಲಿ (ಕಾರ್ಟ್ರಿಜ್) 36 ಮಿಲಿಗ್ರಾಂ. ತುಂಬಾ ಬಿಗಿಯಾದ ಲೆಕ್ಕದಲ್ಲಿ ನೋಡಿದರೂ ಒಂದು ಕೆಜಿ ತೂಕಕ್ಕೆ 4.4 ಮಿಲಿಗ್ರಾಂವರೆಗೆ ಕೊಡಬಹುದು. 60 ಕೆಜಿ ತೂಕದ ಆರೋಗ್ಯವಂತರಿಗೆ 264 ಮಿಲಿಗ್ರಾಂ ಆಯಿತು, ಅಂದರೆ ಏಳು ಕಾರ್ಟ್ರಿಜ್. ಅಡ್ರಿನಲಿನ್ ಜೊತೆ ಇರುವಾಗ ಒಂದು ಕೆಜಿ ತೂಕಕ್ಕೆ 7 ಮಿಲಿಗ್ರಾಂವರೆಗೂ ಒಪ್ಪುವ ಲೆಕ್ಕವಿದೆ. ಎರಡನೆಯದೋ ಮೂರನೆಯದೋ ಕೇಳುವುದರಲ್ಲಿ ಭಯ ಪಡುವಂಥದ್ದು ಏನಿಲ್ಲ. ಮಕ್ಕಳು, ತೀರಾ ವಯಸ್ಸಾದವರು, ಲಿವರ್ ಅಥವಾ ಹೃದಯದ ಕಾಯಿಲೆ ಇರುವವರಿಗೆ ಈ ಲೆಕ್ಕ ಬೇರೆ, ಅದನ್ನು ಡಾಕ್ಟರು ನೋಡಿಕೊಳ್ಳುತ್ತಾರೆ.

ಇಂಜೆಕ್ಷನ್ ಆದ ಕೂಡಲೇ ಎದೆ ಬಡಿತ ಜೋರಾಗಿ ಕೈ ನಡುಗಿದರೆ ಅದು ಸಾಮಾನ್ಯವಾಗಿ ಅಡ್ರಿನಲಿನ್ ಪ್ರಭಾವ, ಕೆಲವು ನಿಮಿಷದಲ್ಲಿ ಇಳಿಯುತ್ತದೆ. 'ನನಗೆ ಇಂಜೆಕ್ಷನ್ ಅಲರ್ಜಿ' ಅನ್ನುವವರಲ್ಲಿ ತುಂಬಾ ಜನರಿಗೆ ಆಗಿರುವುದು ಇದೇ, ಇಲ್ಲವೇ ಭಯಕ್ಕೆ ತಲೆ ಸುತ್ತಿರುವುದು. ಲಿಗ್ನೋಕೇನ್‌ಗೆ ನಿಜವಾದ ಅಲರ್ಜಿ ಅಪರೂಪ. ಆದರೂ ಮೈಯೆಲ್ಲ ದದ್ದು, ತುಟಿ ಊತ, ಉಸಿರಾಟಕ್ಕೆ ತೊಂದರೆ ಆಗಿದ್ದರೆ ಹೇಳಲೇಬೇಕು.

ಏನು ಮಾಡಿದರೂ ಹಿಡಿಯದಿದ್ದರೆ

ನಿಲ್ಲಿಸುವುದೂ ಒಂದು ಚಿಕಿತ್ಸೆಯೇ. ತಿರುಳಿನ ಮೇಲ್ಭಾಗ ತೆಗೆದು, ಔಷಧ ಇಟ್ಟು, ತಾತ್ಕಾಲಿಕವಾಗಿ ಮುಚ್ಚಿ ಕಳಿಸಿದರೆ ಒತ್ತಡ ಇಳಿದು ನೋವು ಬಹಳಷ್ಟು ತಗ್ಗುತ್ತದೆ. ಕೆಲವು ದಿನ ಬಿಟ್ಟು ಹೋದರೆ ಅದೇ ಇಂಜೆಕ್ಷನ್ ಆರಾಮಾಗಿ ಹಿಡಿಯುವುದುಂಟು. ತೀರಾ ಭಯ ಇರುವವರಿಗೆ ನೈಟ್ರಸ್ ಆಕ್ಸೈಡ್ ಅನಿಲ ಕೊಡುವ ಕ್ಲಿನಿಕ್‌ಗಳಿವೆ. ಅದು ಭಯ ಇಳಿಸುತ್ತದೆ, ಹಲ್ಲಿಗೆ ಇಂಜೆಕ್ಷನ್ ಬೇಕೇ ಬೇಕು.

ನಿಮ್ಮ ಡಾಕ್ಟರು 'ಇಷ್ಟೇ ಆಗೋದು, ಸಹಿಸ್ಕೊಳ್ಳಿ' ಅಂದರೆ ಎದ್ದು ಬನ್ನಿ. ಔಷಧ ಇಟ್ಟು ಮುಚ್ಚಿಸಿಕೊಂಡು ಬನ್ನಿ, ಜಗಳ ಬೇಡ. ರೂಟ್ ಕೆನಾಲ್ ವಿಷಯವನ್ನೇ ಎಂಡಿಎಸ್‌ನಲ್ಲಿ (ಹಲ್ಲಿನ ಡಾಕ್ಟರುಗಳ ಸ್ನಾತಕೋತ್ತರ ಪದವಿ) ಓದಿದವರಿಗೆ ಎಂಡೋಡಾಂಟಿಸ್ಟ್ ಅನ್ನುತ್ತಾರೆ, ಅವರನ್ನು ಹುಡುಕಿ. ದುಡ್ಡಿನ ಯೋಚನೆ ಇದ್ದರೆ ಬೆಂಗಳೂರು, ಮಂಗಳೂರು, ಮಣಿಪಾಲ, ದಾವಣಗೆರೆ, ಧಾರವಾಡದಂಥ ಊರುಗಳಲ್ಲಿ ಡೆಂಟಲ್ ಕಾಲೇಜುಗಳಿವೆ. ಅಲ್ಲಿ ಇದಕ್ಕೇ ಒಂದು ವಿಭಾಗ ಇರುತ್ತದೆ. ಸಮಯ ಜಾಸ್ತಿ ಹಿಡಿಯುತ್ತದೆ, ವಿದ್ಯಾರ್ಥಿಗಳು ಮಾಡುತ್ತಾರೆ, ಆದರೆ ಹಿಂದೆ ಪ್ರೊಫೆಸರ್ ನಿಂತು ನೋಡುತ್ತಿರುತ್ತಾರೆ, ಆತುರ ಇರುವುದಿಲ್ಲ.

ಇವು ಕಂಡರೆ ಕಾಯಬೇಡಿ

ದವಡೆಯ ಕೆಳಗೆ, ಕುತ್ತಿಗೆಯ ಕಡೆ ಊತ ಇಳಿಯುತ್ತಿದ್ದರೆ. ಬಾಯಿ ತೆರೆಯಲು ಆಗದಿದ್ದರೆ. ಎಂಜಲು ನುಂಗಲು ಕಷ್ಟವಾದರೆ, ನಾಲಿಗೆ ಮೇಲೆದ್ದ ಹಾಗಾದರೆ, ಮಾತು ತೊದಲಿದರೆ, ಉಸಿರು ಕಟ್ಟಿದ ಹಾಗಾದರೆ. ಮೇಲಿನ ಹಲ್ಲಾದರೆ ಊತ ಕಣ್ಣಿನವರೆಗೆ ಬಂದರೆ. ಜೊತೆಗೆ ಚಳಿ ಜ್ವರ. ಇವುಗಳಲ್ಲಿ ಯಾವುದು ಕಂಡರೂ ರೂಟ್ ಕೆನಾಲ್ ಯೋಚನೆ ಬಿಟ್ಟು ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ಮಧ್ಯರಾತ್ರಿಯಾದರೂ ಸರಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಹಲ್ಲಿನ ಸೋಂಕು ಕುತ್ತಿಗೆಗೆ ಇಳಿದು ಉಸಿರಿನ ದಾರಿ ಮುಚ್ಚಿದರೆ ಜೀವಕ್ಕೇ ಅಪಾಯ. ಶುಗರ್ ಇರುವವರು ಇನ್ನೂ ಹುಷಾರಾಗಿರಬೇಕು.

ಮನೆಗೆ ಬಂದ ಮೇಲೆ

ಜೋಮು ಮೂರರಿಂದ ಐದು ಗಂಟೆ ಇರಬಹುದು. ಅದು ಬಿಡುವವರೆಗೆ ಬಿಸಿ ಕಾಫಿ, ಊಟ ಬೇಡ. ತುಟಿ, ನಾಲಿಗೆ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ಮಕ್ಕಳಂತೂ ಜೋಮು ಹಿಡಿದ ತುಟಿಯನ್ನು ಆಟಕ್ಕೆ ಅಗಿದುಬಿಡುತ್ತಾರೆ, ಪಕ್ಕದಲ್ಲೇ ಕೂತು ನೋಡಿಕೊಳ್ಳಿ. ನೋವಿನ ಮಾತ್ರೆಯನ್ನು ಜೋಮು ಪೂರ್ತಿ ಬಿಡುವ ಮುಂಚೆಯೇ ತಗೊಳ್ಳಿ. ನೋವು ಏರಿದ ಮೇಲೆ ಇಳಿಸುವುದು ಕಷ್ಟ.

ಎರಡು ಮೂರು ದಿನ ಕಚ್ಚಿದರೆ ನೋವು ಇರುವುದು ಸಹಜ, ದಿನದಿಂದ ದಿನಕ್ಕೆ ಇಳಿಯಬೇಕು. ಆ ಕಡೆ ಅಗಿಯಬೇಡಿ. ಹಲ್ಲು ಮುಚ್ಚಿದಾಗ ಅದೊಂದೇ ಮೊದಲು ತಾಗುತ್ತಿದ್ದರೆ ಫಿಲ್ಲಿಂಗ್ ಎತ್ತರವಾಗಿದೆ ಅಂತ ಅರ್ಥ, ಹೋಗಿ ಸವೆಸಿಕೊಂಡು ಬನ್ನಿ, ಎರಡು ನಿಮಿಷದ ಕೆಲಸ. ಮೂರನೇ ದಿನ ನೋವು ಇಳಿಯುವ ಬದಲು ಏರುತ್ತಿದ್ದರೆ, ಅಥವಾ ಊತ ಶುರುವಾದರೆ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಅವತ್ತೇ ಫೋನ್ ಮಾಡಿ. ಮತ್ತೆ ಹೋದಾಗಲೂ ಕುರ್ಚಿಯಲ್ಲಿ ಕೂರುವ ಮುಂಚೆ, ಹೋದ ಸಲ ಇಂಜೆಕ್ಷನ್ ಸರಿಯಾಗಿ ಹಿಡಿದಿರಲಿಲ್ಲ ಅನ್ನುವ ಅದೇ ಸಾಲು ಹೇಳಿ. ಯಾವ ಇಂಜೆಕ್ಷನ್ ಹಿಡಿಯಿತು, ಯಾವುದು ಹಿಡಿಯಲಿಲ್ಲ ಅಂತ ಕೇಳಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ನನ್ನ ಫೋನಿನಲ್ಲಿ ಹೀಗಿದೆ: 'ಕೆಳಗಿನ ಎಡ, ಬ್ಲಾಕ್ ಒಂದೇ ಸಾಲದು, ಪಕ್ಕದಲ್ಲಿ ಆರ್ಟಿಕೇನ್ ಬೇಕು, 15 ನಿಮಿಷ ಕಾಯಬೇಕು.'